ಕನ್ನಡಿಯೊಳಗಿನ ಗಂಟು ಎಷ್ಟು ದೂರದಲ್ಲಿದೆ?

ಕಳೆದ ನವೆಂಬರ್‌ನ ರಾಜ್ಯೋತ್ಸವಕ್ಕೆ ನಮಗೆ ಸಿಕ್ಕಿದ್ದ ಗ್ರೀನ್ ರೂಮ್ ಅಂದರೆ ಹಾಲ್‌ನ ಹಿಂದಿದ್ದ ಒಂದು ಸ್ಟೋರ್ ರೂಮ್. ಒಂದರ ಮೇಲೊಂದು ಪೇರಿಸಿಟ್ಟ ಕುರ್ಚಿಗಳು, ಗೋಡೆಗೆ ಸ್ಕ್ರೂ ಹೊಡೆದು ಕೂರಿಸಿದ ಒಂದೇ ಒಂದು ಕನ್ನಡಿ. ಅದರ ಅಳತೆಯನ್ನು ಆಮೇಲೆ ಟೇಪ್ ಹಿಡಿದು ತೆಗೆದುಕೊಂಡೆವು: ಕನ್ನಡಿಯ ಎತ್ತರ 80 ಸೆಂಟಿಮೀಟರ್, ಅದರ ಕೆಳಗಿನ ಅಂಚು ನೆಲದಿಂದ ಸರಿಯಾಗಿ 1 ಮೀಟರ್ ಮೇಲೆ. ಜಾನಪದ ನೃತ್ಯಕ್ಕೆ ಎಂಟು ಹುಡುಗಿಯರು ಇಳಕಲ್ ಸೀರೆ ಉಟ್ಟು ನಿಂತಿದ್ದರು. ನೆರಿಗೆ ಸರಿಯಾಗಿ ಕೂತಿದೆಯಾ, ಅಂಚು ಕಾಲಿಗೆ ಸಿಕ್ಕಿಕೊಳ್ಳುವಷ್ಟು ಇಳಿದಿದೆಯಾ ಅಂತ ನೋಡಿಕೊಳ್ಳಬೇಕು. ಆದರೆ ಕನ್ನಡಿಯಲ್ಲಿ ಮೊಣಕಾಲಿನಿಂದ ಕೆಳಗೆ ಏನೂ ಕಾಣಿಸುತ್ತಿಲ್ಲ. "ಸ್ವಲ್ಪ ಹಿಂದೆ ಹೋಗ್ರೇ, ಪೂರ್ತಿ ಕಾಣ್ಸತ್ತೆ" ಅಂತ ನಮ್ಮಲ್ಲೇ ಒಬ್ಬರು ಹೇಳಿದರು. ಹೇಳಿದವರು ಮೆಕ್ಯಾನಿಕಲ್ ಎಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಓದುತ್ತಿರುವವರು. ಉಳಿದ ನಾವೂ ತಲೆಯಾಡಿಸಿದೆವು. ಹುಡುಗಿಯರು ಹಿಂದೆ ಹಿಂದೆ ಹೋಗಿ ಬೆನ್ನು ಕುರ್ಚಿಗೆ ತಾಗುವವರೆಗೂ ಹೋದರು. ಕಾಲು ಕಾಣಲೇ ಇಲ್ಲ.

ವೇದಿಕೆಯಲ್ಲಿ ಎರಡನೇ ಸುತ್ತಿಗೆ ಒಬ್ಬಳು ತನ್ನದೇ ಸೀರೆಯ ಅಂಚನ್ನು ತುಳಿದು ಮುಗ್ಗರಿಸಿದಳು. ಪಕ್ಕದವಳು ಕೈ ಹಿಡಿದದ್ದರಿಂದ ಬೀಳಲಿಲ್ಲ, ಪ್ರೇಕ್ಷಕರು ಅದೂ ಕುಣಿತದ ಭಾಗ ಅಂದುಕೊಂಡು ಚಪ್ಪಾಳೆ ತಟ್ಟಿದರು. ಆದರೆ ಅವಳ ಪಾದದ ಉಳುಕು ವಾಸಿಯಾಗೋಕೆ ಮೂರು ವಾರ ಹಿಡಿಯಿತು. ಅವಳನ್ನು ನೋಡಲು ಹೋದಾಗ ನಮಗೆ ಕೇಳಿದ ಪ್ರಶ್ನೆ ಒಂದೇ: "ಹಿಂದೆ ಹೋದ್ರೂ ಯಾಕೆ ಕಾಣ್ಲಿಲ್ಲ?" ಹೈಸ್ಕೂಲಿನಲ್ಲಿ ಬೆಳಕಿನ ಪಾಠಕ್ಕೆ ಪೂರ್ತಿ ಅಂಕ ತೆಗೆದವರು ನಾವು. ಉತ್ತರ ಹೇಳೋಕೆ ಬರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ.

ಮೊದಲು ಪಾಠದ ಭಾಗ ಮುಗಿಸೋಣ. ಚಪ್ಪಟೆಯಾದ ಕನ್ನಡಿಗೆ ಪುಸ್ತಕದಲ್ಲಿ ಸಮತಲ ದರ್ಪಣ ಅನ್ನುತ್ತಾರೆ. ("ದರ್ಪಣ ತಗೊಂಡ್ ಬಾ" ಅಂತ ಮನೆಯಲ್ಲಿ ಯಾರೂ ಅಂದದ್ದನ್ನು ನಾವು ಕೇಳಿಲ್ಲ, ಹಾಗಾಗಿ ಇಲ್ಲಿ ಕನ್ನಡಿ ಅಂತಲೇ ಬರೆಯುತ್ತೇವೆ.) ಕನ್ನಡಿಗೆ ಬಂದು ಬೀಳುವ ಕಿರಣ ಪತನ ಕಿರಣ, ಬಡಿದು ಹಿಂದಿರುಗುವುದು ಪ್ರತಿಫಲನ ಕಿರಣ. ಬಿದ್ದ ಜಾಗದಲ್ಲಿ ಕನ್ನಡಿಗೆ ನೆಟ್ಟಗೆ ಒಂದು ಗೆರೆ ಎಳೆದರೆ ಅದು ಲಂಬ. ಬರುವ ಕಿರಣ ಲಂಬದ ಜೊತೆ ಎಷ್ಟು ಕೋನ ಮಾಡುತ್ತದೋ, ಹೋಗುವ ಕಿರಣ ಲಂಬದ ಇನ್ನೊಂದು ಬದಿಗೆ ಅಷ್ಟೇ ಕೋನ ಮಾಡುತ್ತದೆ. ಎರಡು ಕಿರಣ ಮತ್ತು ಲಂಬ ಒಂದೇ ಸಮತಲದಲ್ಲಿರುತ್ತವೆ. ನಿಯಮ ಇಷ್ಟೇ.

ಈ ನಿಯಮ ಕನ್ನಡಿಗೆ ಮಾತ್ರ ಸೇರಿದ್ದಲ್ಲ. ಸುಣ್ಣ ಬಳಿದ ಗೋಡೆಯ ಒಂದೊಂದು ಕಣವೂ ಇದನ್ನೇ ಪಾಲಿಸುತ್ತದೆ. ಆದರೆ ಗೋಡೆ ನಮ್ಮ ಕೈಗೆ ಎಷ್ಟೇ ನುಣುಪು ಅನಿಸಿದರೂ ಬೆಳಕಿಗೆ ಅದು ಕಲ್ಲುಗುಡ್ಡ. ಬೆಳಕಿನ ತರಂಗದ ಉದ್ದ ಒಂದು ಮಿಲಿಮೀಟರಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು. ಉಬ್ಬುತಗ್ಗು ಅದಕ್ಕಿಂತ ಬಹಳ ಚಿಕ್ಕದಿದ್ದರೆ ಮಾತ್ರ ಅಕ್ಕಪಕ್ಕದ ಕಿರಣಗಳು ಒಟ್ಟಾಗಿ, ಸಾಲು ತಪ್ಪದೆ ಹಿಂದಿರುಗುತ್ತವೆ. ಗೋಡೆಯಲ್ಲಿ ಸಾಲು ಚೆಲ್ಲಾಪಿಲ್ಲಿಯಾಗುತ್ತದೆ, ಅದಕ್ಕೇ ಗೋಡೆ ಕಾಣುತ್ತದೆ, ಗೋಡೆಯಲ್ಲಿ ನಾವು ಕಾಣುವುದಿಲ್ಲ.

ಸಮಕೋನದ ನಿಯಮ ಕೈಯಲ್ಲಿ ಗೊತ್ತಾಗಬೇಕಾದರೆ ಕೇರಂ ಬೋರ್ಡ್ ಮುಂದೆ ಕೂರಿ. ನೇರವಾಗಿ ಹೊಡೆಯಲಾಗದ ಪಾನನ್ನು ಎದುರಿನ ಫ್ರೇಮಿಗೆ ಸ್ಟ್ರೈಕರ್ ಬಡಿಸಿ ಹೊಡೆಯುತ್ತೇವಲ್ಲ, ಆಗ ಫ್ರೇಮಿನ ಯಾವ ಜಾಗಕ್ಕೆ ಗುರಿ ಇಡಬೇಕು? ಊರಲ್ಲಿ ಚೆನ್ನಾಗಿ ಆಡುವ ಅಣ್ಣಂದಿರು ಕೋನಮಾಪಕ ಇಟ್ಟುಕೊಂಡು ಆಡುತ್ತಿರಲಿಲ್ಲ. ಅವರ ಲೆಕ್ಕ ಬೇರೆ. ಫ್ರೇಮಿನಿಂದ ಪಾನು ಒಳಗಡೆ ಎಷ್ಟು ದೂರವಿದೆಯೋ ಅಷ್ಟೇ ದೂರ ಫ್ರೇಮಿನ ಆಚೆ, ಬೋರ್ಡಿನ ಹೊರಗೆ, ಇನ್ನೊಂದು ಪಾನಿದೆ ಅಂದುಕೊಳ್ಳಿ. ಆ ಇಲ್ಲದ ಪಾನಿಗೆ ನೇರ ಗುರಿ ಇಡಿ. ಸ್ಟ್ರೈಕರ್ ಫ್ರೇಮಿಗೆ ತಾಗಿ ತಿರುಗಿ ಇರುವ ಪಾನಿಗೆ ಬಂದು ಹೊಡೆಯುತ್ತದೆ. (ಸ್ಟ್ರೈಕರ್ ಸುತ್ತುತ್ತಾ ಹೋದರೆ ಕೋನ ಸ್ವಲ್ಪ ಕೆಡುತ್ತದೆ. ಬೆಳಕಿಗೆ ಆ ತೊಂದರೆ ಇಲ್ಲ.)

ಬೋರ್ಡಿನ ಹೊರಗಿನ ಆ ಇಲ್ಲದ ಪಾನೇ ಪ್ರತಿಬಿಂಬ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅಲೆಕ್ಸಾಂಡ್ರಿಯಾದ ಹೆರಾನ್ ಇದೇ ಚಿತ್ರದಿಂದ ಒಂದು ಸೊಗಸಾದ ವಿಷಯ ತೋರಿಸಿದ್ದ: ಕನ್ನಡಿಯನ್ನು ಮುಟ್ಟಿ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುವ ದಾರಿಗಳಲ್ಲಿ ಅತಿ ಚಿಕ್ಕದು ಯಾವುದೋ, ಅದರಲ್ಲೇ ಎರಡು ಕೋನಗಳೂ ಸಮನಾಗಿರುತ್ತವೆ. ಕನ್ನಡಿಯ ಆಚೆಗಿನ ಬಿಂಬಕ್ಕೆ ಎಳೆದ ನೇರ ಗೆರೆಯೇ ಅತಿ ಚಿಕ್ಕ ದಾರಿ. ಅದನ್ನು ಕನ್ನಡಿಯ ಬಳಿ ಈಚೆಗೆ ಮಡಚಿದರೆ ಬೆಳಕಿನ ದಾರಿ. ಸಾಧನೆ ಮುಗಿಯಿತು.

ಈಗ ನಮ್ಮ ಗಾದೆಮಾತಿಗೆ ಬರೋಣ. ಕೈಗೆ ಸಿಗದ ಸಂಪತ್ತಿಗೆ 'ಕನ್ನಡಿಯೊಳಗಿನ ಗಂಟು' ಅನ್ನುತ್ತೇವೆ. ಭೌತಶಾಸ್ತ್ರದಲ್ಲಿ ಇದಕ್ಕೆ ಮಿಥ್ಯ ಬಿಂಬ ಅಂತ ಹೆಸರು. ಗಂಟಿನಿಂದ ಹೊರಟ ಬೆಳಕು ಕನ್ನಡಿಗೆ ಬಡಿದು ನಮ್ಮ ಕಣ್ಣಿಗೆ ಬರುತ್ತದೆ. ಆದರೆ ಬೆಳಕು ದಾರಿಯಲ್ಲಿ ತಿರುಗಿದ್ದು ನಮ್ಮ ಮಿದುಳಿಗೆ ತಿಳಿಯದು, ಬೆಳಕು ನೇರವಾಗಿಯೇ ಬಂತು ಅಂದುಕೊಂಡು ಅದು ಗೆರೆಯನ್ನು ಹಿಂದಕ್ಕೆ ಎಳೆಯುತ್ತದೆ. ಎಲ್ಲ ಗೆರೆಗಳೂ ಹೋಗಿ ಸೇರುವುದು ಕನ್ನಡಿಯ ಹಿಂದೆ, ಗಂಟು ಕನ್ನಡಿಯ ಮುಂದೆ ಎಷ್ಟು ದೂರವಿದೆಯೋ ಅಷ್ಟೇ ದೂರದ ಒಂದು ಜಾಗದಲ್ಲಿ. ಅಲ್ಲಿ ಕೈಯಿಟ್ಟರೆ ಗೋಡೆಯ ಇಟ್ಟಿಗೆ ಸಿಗುತ್ತದೆ. ಆದರೂ ಬಿಂಬ ಇರುವುದು ಕನ್ನಡಿಯ ಮೇಲಲ್ಲ, ಹಿಂದೆ. ಇದು ಬರೀ ಮಾತಿನ ವ್ಯತ್ಯಾಸ ಅನಿಸಿದರೆ ಮೊಬೈಲ್ ಕ್ಯಾಮೆರಾದಲ್ಲಿ ಪರೀಕ್ಷೆ ಮಾಡಿ. ಕನ್ನಡಿಯಿಂದ 1 ಮೀಟರ್ ದೂರ ನಿಂತು ನಿಮ್ಮ ಬಿಂಬಕ್ಕೆ ಫೋಕಸ್ ಮಾಡಿದರೆ ಕನ್ನಡಿಯ ಮೇಲೆ ಕೂತ ಧೂಳು ಮಸುಕಾಗುತ್ತದೆ, ಧೂಳಿಗೆ ಫೋಕಸ್ ಮಾಡಿದರೆ ನೀವು ಮಸುಕಾಗುತ್ತೀರಿ. ಧೂಳಿರುವುದು 1 ಮೀಟರ್ ದೂರದಲ್ಲಿ, ನೀವಿರುವುದು 2 ಮೀಟರ್ ದೂರದಲ್ಲಿ.

ಇದೊಂದು ಮಾತು ಮನಸ್ಸಿನಲ್ಲಿ ಗಟ್ಟಿಯಾದರೆ ಮಿಕ್ಕಿದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಗ್ರೀನ್ ರೂಮಿಗೆ ವಾಪಸ್ ಹೋಗೋಣ.

ಹುಡುಗಿಯ ಎತ್ತರ 160 ಸೆಂಟಿಮೀಟರ್ ಅಂದುಕೊಳ್ಳಿ. ಕಣ್ಣು ನೆತ್ತಿಗಿಂತ ಸುಮಾರು 12 ಸೆಂಟಿಮೀಟರ್ ಕೆಳಗೆ, ಅಂದರೆ ನೆಲದಿಂದ 148ರಲ್ಲಿ. ಅವಳ ಬಿಂಬ ಕನ್ನಡಿಯ ಹಿಂದೆ, ಅವಳಷ್ಟೇ ದೂರದಲ್ಲಿ, ಅವಳಷ್ಟೇ ಎತ್ತರವಾಗಿ ನಿಂತಿದೆ. ಅವಳ ಕಣ್ಣಿನಿಂದ ಬಿಂಬದ ಪಾದಕ್ಕೆ ಒಂದು ನೇರ ಗೆರೆ ಎಳೆಯಿರಿ. ಕನ್ನಡಿ ಇರುವುದು ಇಬ್ಬರ ನಟ್ಟನಡುವೆ. ಹಾಗಾಗಿ ಗೆರೆ ಕನ್ನಡಿಯನ್ನು ದಾಟುವುದೂ ಎತ್ತರದ ನಟ್ಟನಡುವೆ, 148ರ ಅರ್ಧ 74ರಲ್ಲಿ. ಬಿಂಬದ ನೆತ್ತಿಗೆ ಎಳೆದ ಗೆರೆ 148 ಮತ್ತು 160ರ ನಡುವೆ, ಅಂದರೆ 154ರಲ್ಲಿ ದಾಟುತ್ತದೆ. 74ರಿಂದ 154ರವರೆಗೆ ಬೇಕಾದ ಕನ್ನಡಿ 80 ಸೆಂಟಿಮೀಟರ್. ಅವಳ ಎತ್ತರದ ಸರಿಯಾಗಿ ಅರ್ಧ.

ಈ ಲೆಕ್ಕದಲ್ಲಿ ಅವಳು ಕನ್ನಡಿಯಿಂದ ಎಷ್ಟು ದೂರ ನಿಂತಿದ್ದಾಳೆ ಅನ್ನೋದು ಎಲ್ಲಾದರೂ ಬಂತಾ? ಬರಲಿಲ್ಲ. ಹತ್ತಿರವಿರಲಿ, ದೂರವಿರಲಿ, ಕನ್ನಡಿ ಯಾವಾಗಲೂ ನಡುವೆಯೇ. ಅವಳು ಹಿಂದೆ ಸರಿದರೆ ಬಿಂಬವೂ ಅಷ್ಟೇ ಹಿಂದೆ ಸರಿಯುತ್ತದೆ. ಬಿಂಬ ಚಿಕ್ಕದಾಗಿ ಕಾಣುತ್ತದೆ ನಿಜ, ಆದರೆ ಕನ್ನಡಿಯೂ ಅದೇ ಪ್ರಮಾಣದಲ್ಲಿ ಚಿಕ್ಕದಾಗಿ ಕಾಣುತ್ತದೆ. ಗಳಿಸಿದ್ದೇನೂ ಇಲ್ಲ.

ನಮ್ಮನ್ನು ಹೆಚ್ಚು ನಾಚಿಸಿದ್ದು ಮುಂದಿನ ಲೆಕ್ಕ. ಸ್ಟೋರ್ ರೂಮಿನ ಕನ್ನಡಿ 80 ಸೆಂಟಿಮೀಟರೇ ಇತ್ತು! ಅವಳಿಗೆ ಅಡಿಯಿಂದ ಮುಡಿಯವರೆಗೆ ಕಾಣೋಕೆ ಸಾಕಾಗುವಷ್ಟು. ಕೂರಿಸಿದ್ದು ಮಾತ್ರ 100ರಿಂದ 180ರವರೆಗೆ. ಕೆಳ ಅಂಚು 100ರಲ್ಲಿದ್ದರೆ 148ರಲ್ಲಿರುವ ಕಣ್ಣಿಗೆ ಕಾಣುವ ಅತಿ ಕೆಳಗಿನ ಜಾಗ ನೆಲದಿಂದ 52 ಸೆಂಟಿಮೀಟರ್ ಮೇಲೆ, ಮೊಣಕಾಲಿನ ಹತ್ತಿರ. ಮೇಲಿನ ಅಂಚಿನ ಮೂಲಕ 212 ಸೆಂಟಿಮೀಟರ್‌ವರೆಗೆ ಕಾಣುತ್ತಿತ್ತು, ಅಂದರೆ ತಲೆಯ ಮೇಲೆ 52 ಸೆಂಟಿಮೀಟರ್ ಬರೀ ಗೋಡೆ. ಕಾಲಿಗೆ ಬೇಕಾಗಿದ್ದ ಅಷ್ಟೂ ಅಳತೆ ನೆತ್ತಿಯ ಮೇಲೆ ದಂಡವಾಗಿತ್ತು. ಬಗ್ಗಿ ನೋಡಿದರೂ ಪ್ರಯೋಜನವಿರಲಿಲ್ಲ, ಕಣ್ಣು ಕೆಳಗಿಳಿದಷ್ಟೂ ಕಾಣುವ ಜಾಗ ಮೇಲೇರುತ್ತದೆ. ಮಾಡಬೇಕಾಗಿದ್ದದ್ದು ತದ್ವಿರುದ್ಧ. ಆ ರೂಮಿನ ತುಂಬ ಕುರ್ಚಿ ಇತ್ತು. 45 ಸೆಂಟಿಮೀಟರ್ ಎತ್ತರದ ಒಂದು ಕುರ್ಚಿ ಹತ್ತಿ ನಿಂತಿದ್ದರೆ ಕಣ್ಣು 193ಕ್ಕೆ ಏರುತ್ತಿತ್ತು, ಕನ್ನಡಿಯಲ್ಲಿ ಪಾದ, ನೆರಿಗೆ, ಅಂಚು ಎಲ್ಲ ಕಾಣುತ್ತಿತ್ತು. ಮುಖ ಕಾಣುತ್ತಿರಲಿಲ್ಲ, ಆದರೆ ಮುಖ ತುಳಿದು ಯಾರೂ ಮುಗ್ಗರಿಸುವುದಿಲ್ಲ.

ನಂಬಿಕೆ ಬಾರದವರು ಬಿಸಿನೀರಿನ ಸ್ನಾನ ಮುಗಿಸಿ ಬಾತ್‌ರೂಮಿನ ಕನ್ನಡಿ ಮುಂದೆ ನಿಲ್ಲಿ. ಈ ದೇಶದ ಚಳಿಗೆ ಕನ್ನಡಿ ಚೆನ್ನಾಗಿ ಹಬೆ ಹಿಡಿದಿರುತ್ತದೆ. ಒಂದು ಕಣ್ಣು ಮುಚ್ಚಿ, ಬೆರಳಿನಿಂದ ನಿಮ್ಮ ಮುಖದ ಸುತ್ತ ಗೆರೆ ಎಳೆಯಿರಿ. ಆಮೇಲೆ ಆ ಗೆರೆಯನ್ನು ಅಳೆದು ನೋಡಿ. ಗದ್ದದಿಂದ ನೆತ್ತಿಗೆ ನಿಮ್ಮ ಮುಖ 22 ಸೆಂಟಿಮೀಟರ್ ಇದ್ದರೆ ಗೆರೆ ಬರೀ 11 ಸೆಂಟಿಮೀಟರ್ ಇರುತ್ತದೆ. ಇನ್ನು ಹಿಂದೆ ಸರಿಯಿರಿ: ಮುಖ ಆ ಗೆರೆಯೊಳಗೇ ಸರಿಯಾಗಿ ಕೂತಿರುತ್ತದೆ, ಕದಲುವುದಿಲ್ಲ. ನಮ್ಮ ಫ್ಲ್ಯಾಟಿನಲ್ಲಿ ಇದನ್ನು ಮಾಡಿದ ದಿನ ಬಾತ್‌ರೂಮಿನ ಹೊರಗೆ ಕ್ಯೂ ನಿಂತಿತ್ತು.

ಇದೇ ಹಿಡಿತದಲ್ಲಿ ಇನ್ನೊಂದು ಗುಟ್ಟು ಇದೆ. ಬೆಳಕು ಹೋದ ದಾರಿಯಲ್ಲೇ ವಾಪಸ್ ಬರಬಲ್ಲದು. ಆದ್ದರಿಂದ ಕನ್ನಡಿಯಲ್ಲಿ ನಿಮಗೆ ಯಾರ ಕಣ್ಣು ಕಾಣುತ್ತದೋ ಅವರಿಗೆ ನಿಮ್ಮ ಕಣ್ಣೂ ಕಾಣುತ್ತದೆ. ನಮ್ಮ ಕಡೆಯ ಮದುವೆ ಆಲ್ಬಮ್‌ಗಳಲ್ಲಿ ಒಂದು ಫೋಟೊ ಇದ್ದೇ ಇರುತ್ತದೆ: ಮದುಮಗಳು ಕನ್ನಡಿ ಮುಂದೆ ಕೂತು ಬೈತಲೆಬೊಟ್ಟು ಸರಿಪಡಿಸಿಕೊಳ್ಳುತ್ತಿದ್ದಾಳೆ, ಅವಳ ಮುಖ ಕನ್ನಡಿಯಲ್ಲಿ ನಮಗೆ ನೇರ ಕಾಣುತ್ತಿದೆ. ಅವಳು ತನ್ನ ಮುಖ ನೋಡಿಕೊಳ್ಳುತ್ತಿದ್ದಾಳೆ ಅಂದುಕೊಳ್ಳುತ್ತೇವೆ. ಇಲ್ಲ, ಆ ಹೊತ್ತಿನಲ್ಲಿ ಅವಳಿಗೆ ಕಾಣುತ್ತಿರುವುದು ಫೋಟೊಗ್ರಾಫರ್.

ಇನ್ನು ಎಡ-ಬಲದ ಪ್ರಶ್ನೆ. ಹೈಸ್ಕೂಲಿನಲ್ಲಿ ನಾವೆಲ್ಲ ಬರೆದಿದ್ದೇವೆ: ಸಮತಲ ದರ್ಪಣದ ಬಿಂಬ ನೇರ, ಮಿಥ್ಯ, ವಸುವಿನಷ್ಟೇ ದೊಡ್ಡದು, ಮತ್ತು ಅದರಲ್ಲಿ ಎಡ ಬಲವಾಗುತ್ತದೆ. ಕೊನೆಯದಕ್ಕೆ ಪಾರ್ಶ್ವ ವಿಪರ್ಯಯ ಅಂತ ಹೆಸರು, ಅರ್ಧ ಅಂಕ. ಆದರೆ ಕನ್ನಡಿಗೆ ಎಡ-ಬಲ ಯಾವುದು ಅಂತ ಹೇಗೆ ಗೊತ್ತು? ಎಡ-ಬಲ ತಿರುಗಿಸುವ ಕನ್ನಡಿ ಮೇಲೆ-ಕೆಳಗೆ ಯಾಕೆ ತಿರುಗಿಸುವುದಿಲ್ಲ? ನೀವು ಮಲಗಿಕೊಂಡು ನೋಡಿದರೆ ಅದು ಮನಸ್ಸು ಬದಲಾಯಿಸುತ್ತದಾ?

ಉತ್ತರ: ಕನ್ನಡಿ ಎಡ-ಬಲ ತಿರುಗಿಸುವುದೇ ಇಲ್ಲ. ಉತ್ತರಕ್ಕೆ ಮುಖ ಮಾಡಿ ಕನ್ನಡಿ ಮುಂದೆ ನಿಲ್ಲಿ. ಬಲಗೈಗೆ ಬಳೆ ಇದೆ, ಅದು ಪೂರ್ವದ ಕಡೆಗಿದೆ. ಕನ್ನಡಿಯಲ್ಲೂ ಬಳೆಯ ಕೈ ಪೂರ್ವದ ಕಡೆಗೇ ಇದೆ. ತಲೆ ಮೇಲೆ, ಅಲ್ಲೂ ಮೇಲೆ. ಬದಲಾದದ್ದು ಒಂದೇ: ನಿಮ್ಮ ಮೂಗು ಉತ್ತರಕ್ಕೆ, ಬಿಂಬದ ಮೂಗು ದಕ್ಷಿಣಕ್ಕೆ. ಕನ್ನಡಿ ತಿರುಗಿಸುವುದು ಮುಂದು-ಹಿಂದನ್ನು ಮಾತ್ರ. ಬಿಂಬ ಕನ್ನಡಿಯ ಹಿಂದೆ ಅಷ್ಟೇ ದೂರದಲ್ಲಿದೆ ಅಂದೆವಲ್ಲ, ಅದರ ಅರ್ಥವೇ ಇದು. ನಮಗೆ ಹತ್ತಿರದ ಮೂಗು ಕನ್ನಡಿಗೂ ಹತ್ತಿರ, ಬೆನ್ನು ದೂರ. ಆಚೆ ಕಡೆಯೂ ಹಾಗೆಯೇ. ಮೋಸ ಹೋಗುವುದು ನಾವು. ಎದುರಿಗೊಬ್ಬ ಮನುಷ್ಯ ನಿಂತಿದ್ದಾನೆ ಅಂತ ಕಂಡ ಕೂಡಲೇ, ಅವನು ನಮ್ಮ ಪಕ್ಕದಿಂದ ನಡೆದುಹೋಗಿ ತಿರುಗಿ ನಿಂತಿದ್ದಾನೆ ಅಂತ ಕಲ್ಪಿಸಿಕೊಳ್ಳುತ್ತೇವೆ. ಹಾಗೆ ತಿರುಗಿ ನಿಂತವನ ಬಳೆ ಪಶ್ಚಿಮಕ್ಕೆ ಇರಬೇಕಿತ್ತು, ಇಲ್ಲ. ಅದಕ್ಕೆ 'ಎಡ ಬಲವಾಯಿತು' ಅನ್ನುತ್ತೇವೆ. ಪುಸ್ತಕದ ಪದ ತಪ್ಪು ಅಂತ ನಾವು ಹೇಳುವುದಿಲ್ಲ, ಆದರೆ ಆ ಅರ್ಧ ಅಂಕ ನಮಗೆ ಸುಲಭವಾಗಿ ಸಿಕ್ಕಿಬಿಟ್ಟಿತು.

"ಹಾಗಾದ್ರೆ ಅಕ್ಷರ ಯಾಕೆ ಉಲ್ಟಾ ಆಗುತ್ತೆ?" ಅಂತ ನಮ್ಮ ಶನಿವಾರದ ಕನ್ನಡ ಕ್ಲಾಸಿನ ಒಂಬತ್ತು ವರ್ಷದ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಅವಳ ಕೈಗೆ ಒಂದು ಹಾಳೆ ಕೊಟ್ಟು 'ಅಮ್ಮ' ಅಂತ ಬರೆಸಿದೆವು. ಬರೆದಾಗ ಅಕ್ಷರ ಅವಳ ಕಡೆಗಿತ್ತು. ಕನ್ನಡಿಗೆ ತೋರಿಸಲು ಅವಳು ಹಾಳೆಯನ್ನು ಪುಸ್ತಕದ ಪುಟ ಮಗುಚಿದ ಹಾಗೆ ಪಕ್ಕಕ್ಕೆ ತಿರುಗಿಸಿದಳು. ಎಡ-ಬಲ ಅದಲುಬದಲು ಆದದ್ದು ಅಲ್ಲಿ, ಅವಳ ಕೈಯಲ್ಲಿ. "ಈಗ ಪಕ್ಕಕ್ಕೆ ತಿರುಗಿಸಬೇಡ, ಗೋಡೆ ಕ್ಯಾಲೆಂಡರಿನ ಹಾಳೆ ಎತ್ತಿ ಮಗುಚಿದ ಹಾಗೆ ಕೆಳಗಿನಿಂದ ಮೇಲಕ್ಕೆ ತಿರುಗಿಸು" ಅಂದೆವು. ಕನ್ನಡಿಯಲ್ಲಿ 'ಅಮ್ಮ' ತಲೆಕೆಳಗಾಗಿ ನಿಂತಿತು, ಆದರೆ 'ಅ' ಎಡಕ್ಕೇ ಇತ್ತು, 'ಮ್ಮ' ಬಲಕ್ಕೇ ಇತ್ತು! ಮೂರನೆಯದಾಗಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಬರೆಸಿ, ತಿರುಗಿಸದೆ ಹಾಗೇ ಹಿಡಿಯಲು ಹೇಳಿದೆವು. ಹಾಳೆಯಲ್ಲಿಯೂ ಅಮ್ಮ, ಕನ್ನಡಿಯಲ್ಲಿಯೂ ಅಮ್ಮ, ಎರಡೂ ಸರಿಯಾಗಿ ಓದಲು ಬಂತು. ಹುಡುಗಿ ಐದು ನಿಮಿಷ ಮಾತಾಡಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ, ಕೆಲವು ಸಲ ಕನ್ನಡಿಯ ವಿಷಯಕ್ಕೂ ಅಂಗೈಯನ್ನೇ ನೋಡಬೇಕು.

ಈ ಪಾಠ ಗೊತ್ತಿಲ್ಲದೆ ನಾವು ಇನ್ನೊಂದು ಎಡವಟ್ಟು ಮಾಡಿದ್ದೆವು, ಹೇಳಿಬಿಡುತ್ತೇವೆ. ಮೊಬೈಲಿನ ಮುಂದಿನ ಕ್ಯಾಮೆರಾ ಪರದೆಯ ಮೇಲೆ ನಮ್ಮನ್ನು ಕನ್ನಡಿಯ ಹಾಗೆ ತೋರಿಸುತ್ತದೆ. ಕೆಲವು ಫೋನುಗಳಲ್ಲಿ ಫೋಟೊವನ್ನೂ ಹಾಗೆಯೇ ಉಳಿಸುವ ಸೆಟ್ಟಿಂಗ್ ಇರುತ್ತದೆ. ಅಂಥ ಒಂದು ಸೆಲ್ಫಿಯನ್ನು ಪೋಸ್ಟರಿಗೆ ಹಾಕಿಬಿಟ್ಟೆವು. ಫೋಟೊದಲ್ಲಿ ಅಕ್ಷರವೇನೂ ಇರಲಿಲ್ಲ. ಹಿಂದೆ ನಮ್ಮ ಬಾವುಟ ಇತ್ತು, ಮೇಲೆ ಹಳದಿ ಕೆಳಗೆ ಕೆಂಪು, ಅದು ಕನ್ನಡಿಯಲ್ಲೂ ಹಾಗೇ ಕಾಣುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಪ್ರಿಂಟ್ ಆದ ಮೇಲೆ ಒಬ್ಬ ಆಂಟಿ ಕೇಳಿದರು: "ಈ ಸಲ ಎಲ್ರೂ ಕೊಡಗಿನ ಥರ ಉಟ್ಕೊಂಡಿದೀರಾ? ಸೆರಗು ಬಲಭುಜದ ಮೇಲಿದೆ, ನೆರಿಗೆ ಮಾತ್ರ ಮುಂದೆ ಇದೆಯಲ್ಲ!" ವಿಡಿಯೋ ಕಾಲ್‌ನಲ್ಲಿ ಇದರ ಇನ್ನೊಂದು ರೂಪ ಇದೆ. ನಮ್ಮ ಪರದೆಯಲ್ಲಿ ನಮ್ಮ ಚಿತ್ರ ಮಾತ್ರ ಕನ್ನಡಿಯಂತೆ ಕಾಣುತ್ತದೆ, ಊರಲ್ಲಿರುವ ಅಮ್ಮನಿಗೆ ನಾವು ಎದುರಿಗೆ ಕೂತ ಹಾಗೆಯೇ ಕಾಣುತ್ತೇವೆ. "ಬೊಟ್ಟು ಸ್ವಲ್ಪ ಎಡಕ್ಕೆ ಸರಿಸೇ" ಅಂತ ಅಮ್ಮ ಅಂದಾಗ ಯಾರ ಎಡ ಅಂತ ಕೇಳಿಕೊಳ್ಳುವುದು ಒಳ್ಳೆಯದು.

ಬೊಟ್ಟಿನ ಮಾತು ಬಂತಲ್ಲ. ಕನ್ನಡಿಗೆ ಅಂಟಿಸಿಟ್ಟ ಸ್ಟಿಕರ್ ಬೊಟ್ಟನ್ನು ಓರೆಯಾಗಿ ನೋಡಿ. ಬೊಟ್ಟಿಗೂ ಅದರ ಬಿಂಬಕ್ಕೂ ನಡುವೆ ಸಂದು ಕಾಣುತ್ತದೆ. ಮನೆಯ ಕನ್ನಡಿಯಲ್ಲಿ ಹೊಳೆಯುವ ಲೋಹದ ಪದರ ಇರುವುದು ಗಾಜಿನ ಹಿಂಬದಿಗೆ. ಬೆಳಕು ಗಾಜಿನ ದಪ್ಪವನ್ನು ಎರಡು ಸಲ ದಾಟಬೇಕು. ಗಾಜು ಬೆಳಕನ್ನು ಬಾಗಿಸುವುದರಿಂದ ಆಳ ಸ್ವಲ್ಪ ಕಡಿಮೆ ಕಾಣುತ್ತದೆ, 4 ಮಿಲಿಮೀಟರ್ ಗಾಜಿಗೆ ಸಂದು ಸುಮಾರು 5 ಮಿಲಿಮೀಟರ್. ಕೇರಳದ ಆರನ್ಮುಳ ಕನ್ನಡಿಗೆ ಈ ಸಂದಿಲ್ಲ. ಅದು ತಾಮ್ರ-ತವರದ ಮಿಶ್ರಲೋಹವನ್ನು ಉಜ್ಜಿ ಉಜ್ಜಿ ಹೊಳಪು ಬರಿಸಿದ್ದು, ಮುಂಭಾಗವೇ ಕನ್ನಡಿ. ಬೆರಳಿಟ್ಟರೆ ಬಿಂಬದ ಬೆರಳು ಬಂದು ಮುಟ್ಟುತ್ತದೆ.

ಇಷ್ಟು ಹೊತ್ತು ಕನ್ನಡಿ ನೆಟ್ಟಗೆ ನಿಂತಿತ್ತು. ವಾಲಿದರೆ? ಚಿಕ್ಕಂದಿನಲ್ಲಿ ಕನ್ನಡಿ ಚೂರಿನಿಂದ ಬಿಸಿಲನ್ನು ಎದುರು ಮನೆಯ ಗೋಡೆ ಮೇಲೆ ಕುಣಿಸಿದವರಿಗೆ ಇದರ ಉತ್ತರ ಕೈಯಲ್ಲೇ ಇದೆ. ಮಣಿಕಟ್ಟು ಚೂರು ಅಲ್ಲಾಡಿದರೆ ಸಾಕು, ಬಿಸಿಲಿನ ಬಿಲ್ಲೆ ಗೋಡೆಯ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಕನ್ನಡಿ 5 ಡಿಗ್ರಿ ತಿರುಗಿದರೆ ಲಂಬವೂ 5 ಡಿಗ್ರಿ ತಿರುಗುತ್ತದೆ. ಪತನ ಕೋನಕ್ಕೆ 5 ಕೂಡಿದರೆ ಪ್ರತಿಫಲನ ಕೋನಕ್ಕೂ 5 ಕೂಡುತ್ತದೆ, ಹೀಗಾಗಿ ಹೊರಗೆ ಹೋಗುವ ಕಿರಣ ಒಟ್ಟು 10 ಡಿಗ್ರಿ ತಿರುಗುತ್ತದೆ. ಗೋಡೆಗೆ ಒರಗಿಸಿಟ್ಟ ಕನ್ನಡಿಯಲ್ಲೂ ಹೀಗೇ: ಕನ್ನಡಿ 5 ಡಿಗ್ರಿ ಹಿಂದಕ್ಕೆ ವಾಲಿದರೆ ಬಿಂಬ 10 ಡಿಗ್ರಿ ಹಿಂದಕ್ಕೆ ವಾಲಿ ನಿಲ್ಲುತ್ತದೆ.

ನವೆಂಬರ್ ಅಂದರೆ ಇಂಗ್ಲೆಂಡಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ದೀಪ ಹಚ್ಚುವ ತಿಂಗಳು, ಬಿಸಿಲಿನ ಬೆಲೆ ನಮಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ಆದರೆ ನಾರ್ವೆಯ ರ‍್ಯೂಕಾನ್ ಎಂಬ ಊರಿನ ಮುಂದೆ ನಮ್ಮದೇನೂ ಅಲ್ಲ. ಆಳವಾದ ಕಣಿವೆಯಲ್ಲಿರುವ ಆ ಊರಿಗೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ನೇರ ಬಿಸಿಲೇ ಬೀಳುವುದಿಲ್ಲ, ದಕ್ಷಿಣದ ಬೆಟ್ಟ ಅಡ್ಡ. 2013ರ ಅಕ್ಟೋಬರ್‌ನಲ್ಲಿ ಅಲ್ಲಿನವರು ಎದುರು ಬೆಟ್ಟದ ಮೇಲೆ, ಊರಿನ ಚೌಕಕ್ಕಿಂತ ಸುಮಾರು 450 ಮೀಟರ್ ಎತ್ತರದಲ್ಲಿ, ತಲಾ 17 ಚದರ ಮೀಟರಿನ ಮೂರು ಚಪ್ಪಟೆ ಕನ್ನಡಿಗಳನ್ನು ನಿಲ್ಲಿಸಿದರು. ಕಂಪ್ಯೂಟರ್ ಅವನ್ನು ಸೂರ್ಯನ ಜೊತೆ ತಿರುಗಿಸುತ್ತದೆ, ಬಿಸಿಲು ಚೌಕದಲ್ಲಿ ಬಂದು ಬೀಳುತ್ತದೆ. ಸೂರ್ಯ ಆಕಾಶದಲ್ಲಿ ಎಷ್ಟು ಸರಿದರೆ ಕನ್ನಡಿ ಸರಿಸುಮಾರು ಅದರ ಅರ್ಧ ತಿರುಗಿದರೆ ಸಾಕು. ನಮ್ಮ ಮಣಿಕಟ್ಟಿನ ಲೆಕ್ಕವೇ. ಇಂಥದೊಂದು ಮಾಡಬೇಕು ಎಂಬ ಆಸೆ ಆ ಊರಲ್ಲಿ 1913ರಿಂದಲೇ ಇತ್ತಂತೆ.

ಎರಡು ಕನ್ನಡಿಗಳ ಆಟ ಇನ್ನೂ ದೊಡ್ಡದು, ಇಲ್ಲಿ ಒಂದೇ ಒಂದು ಹೇಳುತ್ತೇವೆ. ಎರಡು ಕನ್ನಡಿಗಳನ್ನು ಅರ್ಧ ತೆರೆದ ಪುಸ್ತಕದ ಹಾಗೆ ಸರಿಯಾಗಿ 90 ಡಿಗ್ರಿಗೆ ನಿಲ್ಲಿಸಿ, ಮೂಲೆಯನ್ನು ನೋಡಿ. ಮೂರು ಬಿಂಬ ಕಾಣುತ್ತವೆ. ನಡುವಿನದು ನಾವು ಎಂದೂ ನೋಡದ ನಾವು: ಬಲಗೈ ಎತ್ತಿದರೆ ಅದೂ ತನ್ನ ಬಲಗೈಯನ್ನೇ ಎತ್ತುತ್ತದೆ. ಬೇರೆಯವರಿಗೆ ನಾವು ಕಾಣುವುದು ಹೀಗೆ. ಅದನ್ನು ನೋಡಿಕೊಂಡು ಕುಂಕುಮ ಇಟ್ಟುಕೊಳ್ಳಲು ಹೋದವರ ಹಣೆಯ ಫೋಟೊ ನಮ್ಮ ಬಳಿ ಇದೆ, ಹಾಕುವುದಿಲ್ಲ. ಇಂಥ ಮೂಲೆಗೆ ಬಂದ ಕಿರಣ ಎರಡು ಸಲ ಬಡಿದು, ಬಂದ ದಿಕ್ಕಿಗೇ ಹಿಂದಿರುಗುತ್ತದೆ. ಮೂರು ಮುಖಗಳ ಮೂಲೆಯಾದರೆ ಯಾವ ಕಡೆಯಿಂದ ಬಂದರೂ ಅಷ್ಟೇ. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಮೇಲೆ ಇಂಥ ಎಂಟು ಗಾಜಿನ ಮೂಲೆಗಳಿರುವ, ಐದು ಸೆಂಟಿಮೀಟರ್ ಅಗಲದ ಒಂದು ಸಾಧನ ಇದೆ. ಕೊಟ್ಟದ್ದು ನಾಸಾ. 2023ರ ಡಿಸೆಂಬರ್‌ನಲ್ಲಿ ಚಂದ್ರನನ್ನು ಸುತ್ತುತ್ತಿದ್ದ ನಾಸಾದ ನೌಕೆಯೊಂದು ಸುಮಾರು 100 ಕಿಲೋಮೀಟರ್ ದೂರದಿಂದ ಅದರ ಮೇಲೆ ಲೇಸರ್ ಬಿಟ್ಟಾಗ ಬೆಳಕು ಹಿಂದಿರುಗಿ ಬಂತು. ವಿಕ್ರಮ್ ಅಷ್ಟು ಹೊತ್ತಿಗೆ ತನ್ನ ಕೆಲಸ ಮುಗಿಸಿ ಮಲಗಿತ್ತು. ಮೂಲೆಗನ್ನಡಿಗೆ ಬ್ಯಾಟರಿ ಬೇಡವಲ್ಲ.

ಈ ವರ್ಷ ಸಂಘದ ದುಡ್ಡಿನಲ್ಲಿ ನಮ್ಮದೇ ಒಂದು ಕನ್ನಡಿ ಕೊಳ್ಳೋಣ ಅಂತ ತೀರ್ಮಾನವಾಯಿತು. ಆಳೆತ್ತರದ್ದು ತರೋಣ ಅಂದವರಿಗೆ ಲೆಕ್ಕ ತೋರಿಸಿದೆವು. ನಮ್ಮಲ್ಲಿ ಅತಿ ಕುಳ್ಳಗಿರುವವಳು 150 ಸೆಂಟಿಮೀಟರ್, ಕಣ್ಣು 138ರಲ್ಲಿ. ಅವಳ ಪಾದ ಕಾಣಬೇಕಾದರೆ ಕೆಳ ಅಂಚು 69ಕ್ಕಿಂತ ಮೇಲಿರಬಾರದು. ಅತಿ ಎತ್ತರದವನು 183, ಕಣ್ಣು 171ರಲ್ಲಿ. ಅವನ ನೆತ್ತಿಗೆ ಮೇಲಂಚು 177ರಲ್ಲಿದ್ದರೆ ಸಾಕು. ಅಲ್ಲಿಗೆ 108 ಸೆಂಟಿಮೀಟರ್ ಕನ್ನಡಿಯಲ್ಲಿ ಎಲ್ಲರೂ ಅಡಿಯಿಂದ ಮುಡಿಯವರೆಗೆ ಕಾಣುತ್ತಾರೆ. ಆರ್ಡರ್ ಮಾಡುವಷ್ಟರಲ್ಲಿ ಕುಂದಾಪುರದ ಹುಡುಗ ತಡೆದ. ಈ ಸಲ ಯಕ್ಷಗಾನದ ಒಂದು ಪ್ರಸಂಗ ಇದೆ, ರಾಜವೇಷ ಹಾಕುವವನು ಅದೇ 183ರವನು, ಕಿರೀಟ ಇನ್ನೂ 40 ಸೆಂಟಿಮೀಟರ್. ಚೌಕಿಯಲ್ಲಿ ಕಲಾವಿದರು ಪುಟ್ಟ ಕೈಗನ್ನಡಿ ಹಿಡಿದು ತಾವೇ ಮುಖವರ್ಣಿಕೆ ಬರೆದುಕೊಳ್ಳುತ್ತಾರೆ ನಿಜ, ಆದರೆ ನಮ್ಮಂಥ ಕಲಿಕೆಯವರಿಗೆ ಕಿರೀಟ ನೆಟ್ಟಗಿದೆಯಾ ಅಂತ ಪೂರ್ತಿ ನೋಡಿಕೊಳ್ಳಬೇಕು. 171 ಮತ್ತು 223ರ ನಡು 197. ಕನ್ನಡಿ 128 ಸೆಂಟಿಮೀಟರ್ ಆಯಿತು. ಅಂಗಡಿಯಲ್ಲಿ 130ರದ್ದು ಸಿಕ್ಕಿತು.

ಹಾಲ್‌ನ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಅದಕ್ಕೆ ಬಟ್ಟೆ ನೇತುಹಾಕುವ ಕಬ್ಬಿಣದ ಸ್ಟ್ಯಾಂಡಿಗೆ ಕಟ್ಟಿದ್ದೇವೆ. ದಾರಕ್ಕೆ ಒಂದು ಬೀಗ ಕಟ್ಟಿ ಇಳಿಬಿಟ್ಟು ವಾಲಿಲ್ಲ ಅಂತ ನೋಡಿಕೊಂಡೆವು. ಸ್ಟ್ಯಾಂಡಿನ ಕಾಲಿನ ಮೇಲೆ ಬಿಳಿ ಬಣ್ಣದಲ್ಲಿ 69 ಮತ್ತು 197 ಅಂತ ಗುರುತು ಹಾಕಿದೆ. ಮೊದಲ ಟ್ರಯಲ್‌ಗೆ ಕರೆದದ್ದು ಕಳೆದ ವರ್ಷ ಮುಗ್ಗರಿಸಿದವಳನ್ನೇ. ಸೀರೆ ಉಟ್ಟು ಬಂದು ಹತ್ತಿರದಿಂದ ನೋಡಿದಳು, ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದಳು, ಮತ್ತೆ ಹತ್ತಿರ ಬಂದಳು. "ಎಲ್ಲಿ ನಿಂತ್ರೂ ಕಾಲು ಕಾಣ್ಸತ್ತೆ" ಅಂದಳು. ಮುಂದಿನ ವರ್ಷದ ಸಮಿತಿಯವರು ಕನ್ನಡಿ ಕಟ್ಟುವ ಮೊದಲು ತಮ್ಮಲ್ಲಿ ಅತಿ ಕುಳ್ಳಗಿರುವವರ ಕಣ್ಣಿನ ಎತ್ತರವನ್ನು ಒಮ್ಮೆ ಅಳೆದು, ಅರ್ಧ ಮಾಡಿ, ಕೆಳಗಿನ ಗುರುತನ್ನು ಸರಿಪಡಿಸಿಕೊಳ್ಳಲಿ. ಟೇಪ್ ಅದೇ ಸ್ಟ್ಯಾಂಡಿಗೆ ಕಟ್ಟಿದೆ.